ದುಡಿಯೋಕಲ್ಲ, ಓಡೋಕೆ ಹೋದ ದುಬೈ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ದುಬೈ ಅಂದ್ರೆ ವಿದೇಶ ಅಂತ ಅನ್ನಿಸೋದೇ ಇಲ್ಲ. ಕುಮಟಾದಿಂದ ಬೆಂಗಳೂರಿಗೆ ಹೋಗೋಕೆ ರಾತ್ರಿಯಿಡೀ ಬಸ್ಸಲ್ಲಿ ಕೂರಬೇಕು. ಮಂಗಳೂರಿನಿಂದ ವಿಮಾನ ಹತ್ತಿದರೆ ದುಬೈಗೆ ನಾಲ್ಕು ಗಂಟೆಯೂ ಬೇಡ. ಭಟ್ಕಳದಲ್ಲಿ ಯಾವ ಓಣಿಗೆ ಹೋದರೂ ಅಲ್ಲಿದ್ದು ಬಂದವರೋ, ಅಲ್ಲೇ ಇರುವವರೋ, ವೀಸಾಕ್ಕೆ ಕಾಯುತ್ತಿರುವವರೋ ಸಿಗುತ್ತಾರೆ.

ಈ ನಂಟು ಇವತ್ತಿನದಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಆ ಊರಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಬರೆದಿಟ್ಟಿದ್ದಾನೆ. ಭಟ್ಕಳದ ನವಾಯತರ ಮಾತು ಕೇಳಿದರೆ ಕೊಂಕಣಿಯ ನಡುವೆ ಅರಬ್ಬಿ, ಪಾರ್ಸಿ ಪದಗಳು ಇವತ್ತಿಗೂ ಸಿಗುತ್ತವೆ. ಆಗ ಅತ್ತಲಿಂದ ಕುದುರೆ ಬಂದವು, ಈಗ ಇತ್ತಲಿಂದ ಜನ ಹೋಗುತ್ತಾರೆ.

ಹೋಗುವವರೆಲ್ಲ ದುಡಿಯೋಕೆ ಹೋಗುತ್ತಾರೆ. ನಾನು 2025ರ ಜನವರಿಯಲ್ಲಿ ಹೋಗಿದ್ದು ಓಡೋಕೆ. ದುಬೈ ಮ್ಯಾರಥಾನ್, 42.195 ಕಿಲೋಮೀಟರ್.

ಅಮ್ಮನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಓಡೂಕೆ ಅಷ್ಟ್ ದೂರ ಹೋಗ್ಬೇಕಾ? ಇಲ್ಲಿ ಗುಡ್ಡೆ ಇಲ್ವಾ, ಬೀಚ್ ಇಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಗೆಲ್ಲುವವರು ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸುವ ಓಟವನ್ನು ನನ್ನಂಥ ಹವ್ಯಾಸಿ ನಾಲ್ಕೂವರೆ ಗಂಟೆಯಲ್ಲಿ ಮುಗಿಸೋಕೆ, ರಜೆ ಹಾಕಿ, ವಿಮಾನ ಹತ್ತಿ ಹೋಗೋದು ಯಾಕೆ? ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ದೇರಾದ ಒಂದು ಕೋಣೆಯಲ್ಲಿ. ಅದಕ್ಕೂ ಮೊದಲು ಊರಿನ ಅಭ್ಯಾಸದ ಬಗ್ಗೆ ಎರಡು ಮಾತು.

ಅಭ್ಯಾಸಕ್ಕೆ ನಮ್ಮ ಕರಾವಳಿ

16 ವಾರಗಳ ತಯಾರಿಯಲ್ಲಿ ಕೊನೆಯ ಆರೇಳು ವಾರ ನಾನು ಕುಮಟಾದ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೆಂಗಳೂರಿನ ತಂಪಿನಲ್ಲಿ ಓಡಿ ಅಭ್ಯಾಸವಾದವರಿಗೆ ಕರಾವಳಿ ಮೊದಲ ವಾರವೇ ಬೆವರಿಳಿಸುತ್ತದೆ. ಕಾರಣ ಬರೀ ಸೆಕೆ ಅಲ್ಲ, ಗಾಳಿಯಲ್ಲಿರುವ ತೇವ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ನಮ್ಮಲ್ಲಿ ಬೆವರು ಆರೋದೇ ಇಲ್ಲ, ಸುರಿದು ಹೋಗುತ್ತದೆ. ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ಜಾಸ್ತಿ. ಎರಡು ವಾರ ತಾಳಿಕೊಂಡರೆ ದೇಹ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಬೇಗ ಬೆವರುತ್ತದೆ, ಬೆವರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಇಲ್ಲಿ ಪಳಗಿದವರಿಗೆ ದುಬೈನ ಜನವರಿ ಬೆಳಗು ಎಸಿ ರೂಮಿನ ಹಾಗೆ.

ವಾರದ ದಿನಗಳಲ್ಲಿ ಬೀಚು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಬಿಟ್ಟ ಗಟ್ಟಿ ಮರಳಿನ ಮೇಲೆ ಓಡಿದರೆ ಮಂಡಿಗೆ ಹಿತ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ನನ್ನ ವೇಳಾಪಟ್ಟಿ ನಿರ್ಧರಿಸುತ್ತಿದ್ದದ್ದು ಸಮುದ್ರ. ಬಲೆ ಎಳೆಯುತ್ತಿದ್ದವರು ಮೊದಲ ದಿನ "ಯಾರು ಅಟ್ಟಿಸ್ಕಂಡ್ ಬಂದ್ರು?" ಅಂತ ಕೇಳಿದರು. ನಾಲ್ಕನೇ ದಿನಕ್ಕೆ ಹಗ್ಗ ಎತ್ತಿ ದಾರಿ ಬಿಟ್ಟರು.

ಭಾನುವಾರ ಉದ್ದದ ಓಟ. ಧಾರೇಶ್ವರ, ಹಳದೀಪುರ, ಕರ್ಕಿ ದಾಟಿ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರ್. ಅತಿ ಉದ್ದದ ದಿನ ಅಲ್ಲಿಂದ ಶರಾವತಿ ಸೇತುವೆ ದಾಟಿ, ಕಾಸರಕೋಡು ಹಾದು ಮಂಕಿವರೆಗೆ ಹೋದೆ. ಆ ಸೇತುವೆಯ ಮೇಲೆ ಬೆಳಿಗ್ಗೆ ಆರೂವರೆಗೆ ನಿಂತು ನೋಡಬೇಕು. ಒಂದು ಕಡೆ ನದಿ ಕಡಲು ಸೇರುವ ಅಳಿವೆ, ಇನ್ನೊಂದು ಕಡೆ ಮಂಜಿನಲ್ಲಿ ಅರ್ಧ ಮುಳುಗಿದ ರೈಲು ಸೇತುವೆ. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಆದರೆ ನಿಲ್ಲೋಕೆ ಹೆದ್ದಾರಿಯ ಲಾರಿಗಳು ಬಿಡೋದಿಲ್ಲ. ಸಾಧ್ಯವಾದ ಕಡೆಯೆಲ್ಲ ಊರೊಳಗಿನ ರಸ್ತೆ ಹಿಡಿದರೂ ಹೊಳೆ ಬಂದಾಗ ಹೆದ್ದಾರಿಗೇ ಬರಬೇಕು. ಲಾರಿ ಹಾದುಹೋದಾಗ ಗಾಳಿಗೆ ಮೈ ವಾಲುತ್ತದೆ. ನನ್ನ ತಯಾರಿಯಲ್ಲಿ ನಿಜವಾಗಿ ಭಯವಾದದ್ದು ಅದೊಂದೇ.

ಊಟಕ್ಕೆ ಹೊಸತೇನೂ ಬೇಕಾಗಲಿಲ್ಲ. ಓಡುವ ಮೊದಲು ಬಾಳೆಹಣ್ಣು, ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮಧ್ಯಾಹ್ನ ಉಪ್ಪು ಬೆಲ್ಲ ಹಾಕಿದ ಮುರುಗಲು ಶರಬತ್ತು. ಡಬ್ಬಿಯಲ್ಲಿ ಬರುವ ಪುಡಿಗಳು ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ, ರುಚಿಯೂ ಇದೆ.

ದೇರಾದ ಕೋಣೆ

ನನ್ನ ಕಾಲೇಜಿನ ಗೆಳೆಯ ಭಟ್ಕಳದವನು. ಈಗ ಹೆಂಡತಿ ಮಕ್ಕಳ ಜೊತೆ ದುಬೈನಲ್ಲೇ ಇದ್ದಾನೆ. "ಹೋಟೆಲ್ ಗೀಟೆಲ್ ಅಂದ್ರೆ ನೋಡು ಮತ್ತೆ, ಸೀದಾ ಮನೆಗೆ ಬಾ ಮಾರಾಯ" ಅಂದ. ಅವನ ಮನೆಯಲ್ಲಿ ನೆಂಟರು ತುಂಬಿದ್ದರಿಂದ ಮಲಗುವ ವ್ಯವಸ್ಥೆ ಆದದ್ದು ಅವನ ತಾಯಿಯ ತಮ್ಮನ ಕೋಣೆಯಲ್ಲಿ. ಅವನ ಹಾಗೆಯೇ ನಾನೂ ಅವರನ್ನು ಮಾಮು ಅಂತಲೇ ಕರೆದೆ.

ಮಾಮು 27 ವರ್ಷದಿಂದ ಅಲ್ಲಿದ್ದರು. ಕೆಲಸ ಕಿಟಕಿಯ ಪರದೆ ಬಟ್ಟೆಯ ಅಂಗಡಿಯಲ್ಲಿ. ಅಳತೆ ತೆಗೆದು, ಹೊಲಿಸಿ, ವ್ಯಾನಿನಲ್ಲಿ ಒಯ್ದು, ಮನೆಮನೆಗೆ ಹಾಕಿ ಬರೋದು. ಕೋಣೆಯಲ್ಲಿ ಮೂರು ಮಂಚ, ಒಂದು ಫ್ರಿಜ್, ಗೋಡೆಯ ಮೇಲೆ ಭಟ್ಕಳದ ಅಂಗಡಿಯೊಂದು ಹಂಚಿದ ಕ್ಯಾಲೆಂಡರ್. ಎಪ್ರಿಲ್‌ನ ಒಂದು ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿತ್ತು. ಅದು ಅವರು ಊರಿಗೆ ಪೂರ್ತಿಯಾಗಿ ಮರಳುವ ದಿನ.

ನಾನು ಓಟದ ನಕ್ಷೆ ತೋರಿಸಿದೆ. ಉಮ್ ಸುಖೀಮ್ ರಸ್ತೆಯಲ್ಲಿ ಶುರು, ಆಮೇಲೆ ಹೆಚ್ಚಿನ ದೂರ ಸಮುದ್ರದ ಪಕ್ಕದ ಜುಮೇರಾ ರಸ್ತೆಯಲ್ಲಿ ಹೋಗೋದು, ತಿರುಗಿ ಬರೋದು. ಮಾಮು ಕನ್ನಡಕ ಹಾಕಿಕೊಂಡು ಫೋನನ್ನು ದೊಡ್ಡದು ಮಾಡಿ ನೋಡಿದರು. "ಇದು ನನ್ನ ರಸ್ತೆ ಬೇಟಾ" ಅಂದರು.

ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದು ಯಾವ ಓಟದ ಆ್ಯಪಿನಲ್ಲೂ ಸಿಗದ ಮಾಹಿತಿ. ಎಲ್ಲಿ ಎರಡು ಮನೆಗಳ ಸಂದಿನಿಂದ ಸಮುದ್ರದ ಗಾಳಿ ಬರುತ್ತದೆ, ಎಲ್ಲಿಂದ ಎಲ್ಲಿಗೆ ಮರವಿಲ್ಲ, ಯಾವ ತಿರುವಿನ ಆಚೆ ರಸ್ತೆ ಕಣ್ಣಿಗೆ ಮುಗಿಯದ ಹಾಗೆ ಕಾಣುತ್ತದೆ. "ಒಂಬತ್ತರ ಮೇಲೆ ನೆರಳು ಸಿಗೂದಿಲ್ಲ, ಟೊಪ್ಪಿ ಹಾಕು." ಸಮುದ್ರ ಪಕ್ಕದಲ್ಲೇ ಇದೆಯಲ್ಲ, ಕಾಣುತ್ತದಾ ಅಂತ ಕೇಳಿದೆ. "ರಸ್ತೆಗೆ ಕಾಣೂದಿಲ್ಲ. ನಡುವೆ ಬರೀ ವಿಲ್ಲಾ. ನಾನು ನೋಡಿದ್ದೇನೆ, ಆ ಮನೆಗಳ ಒಳಗಿಂದ. ಒಂದೊಂದು ಕಿಟಕಿಗೆ ಇಡೀ ಸಮುದ್ರ. ಅದನ್ನ ಮುಚ್ಚೂಕೆ ಪರದೆ ಹಾಕಿ ಬರ್ತೇನೆ."

ನಗುತ್ತಲೇ ಹೇಳಿದರು. ದಿನಕ್ಕೆ ಎರಡು ಸಲದ ಲೆಕ್ಕ ಹಾಕಿದರೂ ಆ ರಸ್ತೆಯಲ್ಲಿ ಸಾವಿರಾರು ಸಲ ವ್ಯಾನ್ ಓಡಿಸಿದ್ದಾರೆ. ಆದರೆ ನಡೆದಿಲ್ಲ. ನಡೆಯೋಕೆ ಅಲ್ಲಿ ಕೆಲಸವೇನಿತ್ತು?

ದುಬೈ ಮ್ಯಾರಥಾನ್ ದಿನ ಮೂರು ಓಟಗಳಿರುತ್ತವೆ. ಪೂರ್ತಿ ಮ್ಯಾರಥಾನ್, 10 ಕಿಲೋಮೀಟರ್, ಆಮೇಲೆ ಎಲ್ಲರಿಗೂ ಅಂತ 4 ಕಿಲೋಮೀಟರ್. ಗೆಳೆಯ ಡಿಸೆಂಬರಿನಲ್ಲೇ ಮಕ್ಕಳ ಜೊತೆ ಮಾಮುವಿನ ಹೆಸರನ್ನೂ 4 ಕಿಲೋಮೀಟರಿಗೆ ಸೇರಿಸಿದ್ದ. ಡಾಕ್ಟರು ಶುಗರ್‌ಗೆ ದಿನಾ ನಡೆಯಿರಿ ಅಂದಿದ್ದರು, ಅದೇ ನೆಪ. ಆದರೆ ಓಟ ಭಾನುವಾರ, ಅಂಗಡಿಗೆ ಭಾನುವಾರ ರಜೆ ಇಲ್ಲ.

"ರಜೆ ಕೇಳಿ ಮಾಮು" ಅಂತ ಗೆಳೆಯ ಎರಡು ವಾರದಿಂದ ಹೇಳುತ್ತಿದ್ದ. ಅವರು ಕೇಳಿರಲಿಲ್ಲ. 27 ವರ್ಷದಲ್ಲಿ ಅವರು ರಜೆ ಕೇಳಿದ್ದು ಮದುವೆಗೆ, ಸಾವಿಗೆ, ಜ್ವರಕ್ಕೆ. ನಡೆಯೋಕೆ ರಜೆ ಬೇಕು ಅಂತ ಯಾವ ಬಾಯಲ್ಲಿ ಕೇಳೋದು? "ಈ ವಯಸ್ಸಲ್ಲಿ ಜನ ನಗೂದಿಲ್ವಾ?" ಅಂತ ನನ್ನನ್ನು ಕೇಳಿದರು. ನಾನು ಹಿಂದೆ ಓಡಿದ ಓಟಗಳ ಫೋಟೋ ತೆಗೆದು, ಎಪ್ಪತ್ತು ದಾಟಿದ ಅಜ್ಜಂದಿರನ್ನು ತೋರಿಸಿದೆ. ಅವರು ಏನೂ ಹೇಳದೆ ದೀಪ ಆರಿಸಿದರು.

ಶನಿವಾರ ರಾತ್ರಿ ಹತ್ತಕ್ಕೆ ಅಂಗಡಿಯಿಂದ ಬಂದವರೇ ಹೇಳಿದರು: "ಎರಡು ಗಂಟೆ ಒಳಗೆ ಬಾ ಅಂದಿದ್ದಾರೆ."

ಆ ಬೆಳಗು

ಗಡಿಯಾರದಲ್ಲಿ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗಿನ ಓಟಕ್ಕೆ ಇದು ವರ. ಅಲ್ಲಿ ನಾಲ್ಕಕ್ಕೆ ಎದ್ದರೆ ದೇಹದ ಲೆಕ್ಕದಲ್ಲಿ ಐದೂವರೆ. ಬಾಳೆಹಣ್ಣು, ಬ್ರೆಡ್ಡು, ಕಪ್ಪು ಚಹಾ ಮುಗಿಸಿ ಶುರುವಿನ ಜಾಗಕ್ಕೆ ಬಂದಾಗ ಇನ್ನೂ ಕತ್ತಲೆ. ಕುಮಟಾದಲ್ಲಿ ನಿಂತಲ್ಲೇ ಬೆವರುತ್ತಿದ್ದವನು ಇಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಇಥಿಯೋಪಿಯಾ, ಕೀನ್ಯಾದ ಓಟಗಾರರು. ಈ ಓಟದ ದಾರಿ ಮೇಜಿನ ಹಾಗೆ ಸಪಾಟು, ಆದ್ದರಿಂದ ವೇಗಕ್ಕೆ ಹೆಸರುವಾಸಿ. 2008ರಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಇಲ್ಲಿ 2 ಗಂಟೆ 4 ನಿಮಿಷ 53 ಸೆಕೆಂಡಿನಲ್ಲಿ ಗೆದ್ದಿದ್ದರು. ಆಗಿನ ವಿಶ್ವದಾಖಲೆಗೆ, ಅದೂ ಅವರದ್ದೇ, ಕೇವಲ 27 ಸೆಕೆಂಡು ಬಾಕಿ. ಇಂಥವರು ಓಡುವ ಡಾಂಬರಿನ ಮೇಲೇ, ಅದೇ ದಿನ, ನಾವೂ ಓಡೋದು. ಕ್ರಿಕೆಟ್ಟಿನಲ್ಲಿ ಇದು ಸಾಧ್ಯವಿಲ್ಲ. ದೊಡ್ಡ ಪಂದ್ಯದ ದಿನ ಚಿನ್ನಸ್ವಾಮಿ ಅಂಗಳದಲ್ಲಿ ನಮಗೆ ಬ್ಯಾಟು ಕೊಡುವವರು ಯಾರು?

ಜುಮೇರಾ ರಸ್ತೆಗೆ ತಿರುಗುವಾಗ ಬುರ್ಜ್ ಅಲ್ ಅರಬ್ ಎದುರಾಗುತ್ತದೆ. 321 ಮೀಟರ್ ಎತ್ತರದ, ಹಾಯಿದೋಣಿಯ ಆಕಾರದ ಹೋಟೆಲು. ಕಾರಿನಲ್ಲಿ ಹೋದವರಿಗೆ ಅದು ಅರ್ಧ ನಿಮಿಷದ ನೋಟ. ಓಡುವವರಿಗೆ ಬಹಳ ಹೊತ್ತು ಜೊತೆಗಿರುತ್ತದೆ. ಮೊದಲು ಕಪ್ಪು ನೆರಳು, ಆಮೇಲೆ ಬೂದಿ, ಬಿಸಿಲು ಬಿದ್ದಾಗ ಬಿಳಿ. ಎಂಟು ಮಂದಿಯ ಪ್ರವಾಸಿ ವ್ಯಾನಿನಲ್ಲಿ ಕೂತು ನೋಡುವ ಊರಿಗೂ ನಾಲ್ಕೂವರೆ ಗಂಟೆ ಕಾಲಲ್ಲಿ ಅಳೆಯುವ ಊರಿಗೂ ಇರುವ ವ್ಯತ್ಯಾಸ ಇದು.

ಜೊತೆಗೆ ಓಡುವವರನ್ನು ನೋಡಿದರೆ ದುಬೈ ಯಾರ ಊರು ಅಂತ ಗೊತ್ತಾಗುತ್ತದೆ. ಮಲಯಾಳಿಗಳ ಒಂದು ತಂಡ ಒಂದೇ ಬಣ್ಣದ ಅಂಗಿ ತೊಟ್ಟು ಹಾಡುತ್ತ ಓಡುತ್ತಿತ್ತು. ಪಾಕಿಸ್ತಾನದ ಒಬ್ಬರು ಖರ್ಜೂರ ಕೊಟ್ಟರು. ಫಿಲಿಪ್ಪೀನ್ಸಿನ ನರ್ಸ್ ಒಬ್ಬರ ಜೊತೆ ಹತ್ತು ಕಿಲೋಮೀಟರ್ ಮಾತಾಡುತ್ತ ಓಡಿದೆ. ವಾರವಿಡೀ ಆಸ್ಪತ್ರೆಯ ಒಳಗೇ ಇರುತ್ತೇನೆ, ಆಕಾಶ ನೋಡೋದು ಓಡುವಾಗ ಮಾತ್ರ ಅಂದರು. ವಾರವಿಡೀ ಆ ಊರನ್ನು ನಡೆಸುವ ಜನ ಒಂದು ಬೆಳಗು ಆ ಊರಿನ ರಸ್ತೆಯ ನಟ್ಟನಡುವೆ ಓಡುತ್ತಿದ್ದರು. ಕಾರುಗಳು ಪಕ್ಕಕ್ಕೆ ನಿಂತು ಕಾಯುತ್ತಿದ್ದವು.

30ನೇ ಕಿಲೋಮೀಟರ್ ಆದಮೇಲೆ ಓಟ ಬೇರೆಯೇ ಆಗುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ ಮುಗಿಯುತ್ತ ಬರುತ್ತದೆ, ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಆಗ ಕೆಲಸಕ್ಕೆ ಬಂದದ್ದು ಮಾಮುವಿನ ನಕ್ಷೆ. ಗಾಳಿ ಬರುವ ಸಂದು ಅವರು ಹೇಳಿದಲ್ಲೇ ಇತ್ತು. ಮರವಿಲ್ಲದ ಉದ್ದ, ಮುಗಿಯದ ಹಾಗೆ ಕಾಣುವ ತಿರುವು, ಎಲ್ಲವೂ ಹೇಳಿದ ಹಾಗೆಯೇ ಬಂದವು. ಮುಂದೆ ಏನಿದೆ ಅಂತ ಗೊತ್ತಿದ್ದರೆ ದೂರ ಅಷ್ಟು ಹೆದರಿಸೋದಿಲ್ಲ. ಎರಡು ಮನೆಗಳ ನಡುವೆ ಒಂದು ಕಡೆ ಒಂದು ಗೇಣು ನೀಲಿ ಸಮುದ್ರ ಕಂಡಿತು. ಅರಬ್ಬಿ ಸಮುದ್ರಕ್ಕೆ ಕೂಡಿಕೊಳ್ಳುವ ನೀರೇ. ಆಚೆ ಬದಿಯಲ್ಲಿ ಎಲ್ಲೋ ಧಾರೇಶ್ವರ.

4 ಗಂಟೆ 38 ನಿಮಿಷಕ್ಕೆ ಮುಗಿಸಿದೆ. ಹೊರಡುವಾಗ ಅಂದುಕೊಂಡ ಹೊತ್ತಿಗೆ ಎಂಟು ನಿಮಿಷ ಹೆಚ್ಚು, ಮನಸ್ಸಿಗೆ ಏನೂ ಕಡಿಮೆ ಇಲ್ಲ.

ನಾಲ್ಕು ಕಿಲೋಮೀಟರ್

ಕಾಲು ಚಾಚಿ ಕೂತು ಮಾಮುವಿಗೆ ಕಾದೆ. ಗೆಳೆಯನ ಮಕ್ಕಳು ಮೊದಲು ಬಂದರು, ಆಮೇಲೆ ಗೆಳೆಯ. ಮಾಮು ಬಂದದ್ದು ಹಿಂದಿನಿಂದ. ಇಸ್ತ್ರಿ ಹಾಕಿದ ಪ್ಯಾಂಟಿನ ಮೇಲೆ ಓಟದ ಟೀ ಶರ್ಟ್, ಎದೆಯ ಮೇಲೆ ನಂಬರ್ ಚೀಟಿ ಒಂದಿಷ್ಟೂ ಓರೆಯಿಲ್ಲದ ಹಾಗೆ ನಾಲ್ಕು ಪಿನ್ನು. ಅಳತೆ ತೆಗೆಯುವವರ ಕೈ ಅಲ್ಲವೇ. ಓಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ರಸ್ತೆಯ ನಡುವಿನ ಬಿಳಿ ಗೆರೆಯ ಮೇಲೇ ನಡೆದು ಬಂದರು.

ಪಕ್ಕ ಕೂತು ನೀರು ಕುಡಿದ ಮೇಲೆ ಕೇಳಿದರು: "ನೀನು ಓಡಿದ್ದು ನಮ್ಮ ಊರಿನ ಲೆಕ್ಕದಲ್ಲಿ ಎಷ್ಟು?" ಹೆಚ್ಚುಕಡಿಮೆ ಭಟ್ಕಳದಿಂದ ಹೊನ್ನಾವರ ಅಂದೆ. "ಯಾ ಅಲ್ಲಾ" ಅಂತ ತಲೆ ಮೇಲೆ ಕೈ ಇಟ್ಟುಕೊಂಡರು. ನಿಮ್ಮದು ಪೇಟೆಯಿಂದ ಬಂದರಿಗೆ ಹೋದ ಹಾಗೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಿಕ್ಕವನಿದ್ದಾಗ ದಿನಾ ನಡೀತಿದ್ದೆ ಅದನ್ನ, ಮೀನು ತರೂಕೆ."

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಅಂಗಡಿಗೆ ಹೋದರು. ರಾತ್ರಿ ನಾನು ಮಲಗುವಾಗ ನಂಬರ್ ಚೀಟಿಯನ್ನು ಮಡಚದೆ, ಎರಡು ಅಂಗಿಗಳ ನಡುವೆ ಸೂಟ್‌ಕೇಸಿನಲ್ಲಿ ಇಡುತ್ತಿದ್ದರು.

ಹೋಗುವವರಿಗೆ ಒಂದಿಷ್ಟು

ಭಾರತದ ಪಾಸ್‌ಪೋರ್ಟಿನವರು ವೀಸಾವನ್ನು ಆನ್‌ಲೈನಿನಲ್ಲೇ ಮಾಡಿಸಿಕೊಳ್ಳಬಹುದು. ಓಟಕ್ಕೆ ಹೆಸರು ಕೊಡುವ ಮುಂಚೆ ಆಫೀಸಿನ ರಜೆ ಗಟ್ಟಿ ಮಾಡಿಕೊಳ್ಳಿ. ನಂಬರ್ ಚೀಟಿಯನ್ನು ಓಟದ ಹಿಂದಿನ ದಿನಗಳಲ್ಲೇ ಗುರುತಿನ ಪತ್ರ ತೋರಿಸಿ ಪಡೆಯಬೇಕಾಗುತ್ತದೆ, ಆದ್ದರಿಂದ ಕನಿಷ್ಠ ಎರಡು ದಿನ ಮೊದಲೇ ಊರು ಸೇರಿ.

ಓಡುವ ಶೂ, ಬಟ್ಟೆ ಕೈಚೀಲದಲ್ಲೇ ಇರಲಿ. ಲಗೇಜು ತಡವಾದರೂ ಓಟ ತಪ್ಪಬಾರದು. ಹೊಸ ಶೂ ಕೊಂಡು ಅದೇ ವಾರ ಓಡಬೇಡಿ. ಸುತ್ತಾಟವೆಲ್ಲ ಓಟದ ನಂತರಕ್ಕೆ ಇಟ್ಟುಕೊಳ್ಳಿ. ನೋವಿರುವ ಕಾಲಿಗೆ ದೇರಾ ಮತ್ತು ಬರ್ ದುಬೈ ನಡುವೆ ಖಾರಿ ದಾಟಿಸುವ ಅಬ್ರಾ ದೋಣಿಯಂಥ ಸುಖ ಇನ್ನೊಂದಿಲ್ಲ, ಒಂದೇ ದಿರ್ಹಮ್. ಭಟ್ಕಳ ಬಿರಿಯಾನಿಯೂ ಓಟ ಮುಗಿದ ಮೇಲೆಯೇ.

ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಉಪ್ಪು ಇರಲಿ. ಗಂಟೆಗಟ್ಟಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಪ್ರವಾಸದ ವಿಮೆ ಮಾಡಿಸುವಾಗ ಅದು ಇಂಥ ಓಟಕ್ಕೂ ಅನ್ವಯಿಸುತ್ತದಾ ಅಂತ ಓದಿ ನೋಡಿ.

ಮ್ಯಾರಥಾನ್ ದೊಡ್ಡ ಮಾತಾಯಿತು ಅನ್ನಿಸಿದರೆ ದುಬೈ ರನ್ ಇದೆ. 2019ರಿಂದ ನಡೆಯುತ್ತಿರುವ, ಶುಲ್ಕವಿಲ್ಲದ ಓಟ. ಸದಾ ಕಾರುಗಳಿಂದ ತುಂಬಿರುವ ಶೇಖ್ ಝಾಯೆದ್ ರಸ್ತೆಯನ್ನೇ ಆ ಬೆಳಗು ಓಡುವವರಿಗೆ ಬಿಟ್ಟುಕೊಡುತ್ತಾರೆ. 5 ಅಥವಾ 10 ಕಿಲೋಮೀಟರ್, ನಡೆದರೂ ಯಾರೂ ಕೇಳೋದಿಲ್ಲ. ಈಚಿನ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ. ಅಲ್ಲಿ ಕೆಲಸಕ್ಕಿರುವ ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಜೊತೆಗೆ ಎಳೆದುಕೊಂಡು ಹೋಗಿ. ವಿದೇಶದ ಓಟದಿಂದ ತರಬಹುದಾದ ಒಳ್ಳೆಯ ಫೋಟೋ ಅದು.

ಊರಿಗೆ ಬಂದ ಮೇಲೆ

ಕಾರುಗಳ ಊರು ಅಂತಲೇ ಹೆಸರಾದ ದುಬೈ ವರ್ಷಕ್ಕೆ ಕೆಲವು ಬೆಳಗು ತನ್ನ ದೊಡ್ಡ ರಸ್ತೆಗಳಲ್ಲಿ ಕಾರು ನಿಲ್ಲಿಸುತ್ತದೆ. ನಮ್ಮ ಮೂರು ಊರುಗಳಲ್ಲಿ ಬೆಳಗಿನ ನಡಿಗೆಗೆ ಹೊರಟ ಅಜ್ಜಿ ಹೆದ್ದಾರಿಯ ಅಂಚಿನಲ್ಲಿ, ಲಾರಿಗೆ ಬೆನ್ನು ಕೊಟ್ಟು ನಡೆಯುತ್ತಾಳೆ. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರರಿಂದ ಎಂಟು, ಪೇಟೆಯ ಒಂದೇ ಒಂದು ರಸ್ತೆ ನಡೆಯುವವರಿಗೆ ಸಿಕ್ಕರೆ ಸಾಕು. ಇದಕ್ಕೆ ಕೋಟಿ ಬೇಕಾಗಿಲ್ಲ. ನಾಲ್ಕು ಬ್ಯಾರಿಕೇಡು, ಇಬ್ಬರು ಪೊಲೀಸರು, ಮುಂಚಿತವಾಗಿ ಒಂದು ತಿಳುವಳಿಕೆ.

ಮಾಮು ಎಪ್ರಿಲ್‌ನಲ್ಲಿ ಭಟ್ಕಳಕ್ಕೆ ಬಂದರು. ಮಳೆಗಾಲ ಮುಗಿದ ಮೇಲೆ ಜಾಲಿಯ ಕಡಲತೀರದಲ್ಲಿ ನಡೆಯೋಕೆ ಶುರು ಮಾಡಿದರು. ಮೊದಲು ಒಬ್ಬರೇ. ಆಮೇಲೆ ಗಲ್ಫಿನಿಂದ ಮರಳಿದ ಇನ್ನಿಬ್ಬರು, ಅವರ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು. ನಾನು ಊರಿಗೆ ಹೋದಾಗ ಬೆಳಿಗ್ಗೆ ಕುಮಟಾದಿಂದ ಬೈಕಿನಲ್ಲಿ ಹೋಗಿ ಅವರನ್ನು ಸೇರಿಕೊಳ್ಳುತ್ತೇನೆ. ಅಲ್ಲಿ ಸಮುದ್ರಕ್ಕೆ ಅಡ್ಡ ಯಾವ ಮನೆಯೂ ಇಲ್ಲ.

ಶನಿವಾರ ಸಂಜೆ ಮಾಮು ಮೀನುಗಾರರನ್ನು ಕೇಳಿ ಮರುದಿನದ ಇಳಿತದ ಹೊತ್ತನ್ನು ವಾಟ್ಸಾಪ್ ಮಾಡುತ್ತಾರೆ. ಕಳೆದ ವಾರದ್ದು: "ನಾಳೆ ಆರೂವರೆಗೆ ನೀರು ಕೆಳಗೆ. ತಡ ಮಾಡ್ಬೇಡ."